ನೀರು ನೋಡಿ ಸಾಮಾನು ಆರಿಸಿ

ಮಂಡ್ಯ ಜಿಲ್ಲೆಯಲ್ಲಿ ನಾಲೆಗೆ ವಾಹನ ಬಿದ್ದಾಗಲೆಲ್ಲ ಏರಿಯ ಮೇಲೆ ನಿಂತವರ ಬಾಯಲ್ಲಿ ಎರಡು ಮಾತು ಬರುತ್ತವೆ. ತಡೆಗೋಡೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಒಂದು. ಮಿಲಿಟರಿಯವರನ್ನಾದರೂ ಕರೆಸಬಾರದೆ ಎಂಬುದು ಇನ್ನೊಂದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. 2023ರ ಜುಲೈನಲ್ಲಿ ಗಾಮನಹಳ್ಳಿ ಬಳಿ ಕಾರು ಬಿದ್ದು ನಾಲ್ವರು ಹೆಣ್ಣುಮಕ್ಕಳು ಹೋದರು. ಅದೇ ವರ್ಷ ನವೆಂಬರಿನಲ್ಲಿ ಬನಘಟ್ಟದ ಬಳಿ ಮತ್ತೊಂದು ಕಾರು, ಐದು ಜೀವ. ಒಂದೇ ನಾಲೆ, ಒಂದೇ ಮಾತು.

ತಡೆಗೋಡೆಯ ಮಾತಿಗೆ ಆಮೇಲೆ ಬರುತ್ತೇನೆ. ಮಿಲಿಟರಿಯ ಮಾತಿನ ಹಿಂದೆ ಒಂದು ನಂಬಿಕೆ ಕೂತಿದೆ: ಸೇನೆಯ ಮುಳುಗು ತಜ್ಞರ ಬಳಿ ನಮ್ಮಲ್ಲಿಲ್ಲದ ಯಾವುದೋ ಸಾಮಾನು ಇದೆ, ಅದನ್ನೇ ತರಿಸಿಬಿಟ್ಟರೆ ಕೆಲಸ ಮುಗಿಯಿತು ಎಂದು. ಮಾರಾಟದ ಕಂಪನಿಗಳಿಗೂ ಈ ನಂಬಿಕೆ ಚೆನ್ನಾಗಿ ಗೊತ್ತು. ‘ಮಿಲಿಟರಿ ಗ್ರೇಡ್’ ಎಂಬ ಎರಡು ಪದ ಸೇರಿಸಿದರೆ ಬೆಲೆಯೂ ಏರುತ್ತದೆ, ಕೇಳುವ ಪ್ರಶ್ನೆಗಳೂ ಕಡಿಮೆಯಾಗುತ್ತವೆ. ನನ್ನ ವಾದ ಇಷ್ಟೆ: ಸೇನೆಯಿಂದ ನಾವು ತರಬೇಕಾದದ್ದು ಅವರ ಸಾಮಾನನ್ನಲ್ಲ, ಸಾಮಾನು ಆರಿಸುವಾಗ ಅವರು ಪಾಲಿಸುವ ಕ್ರಮವನ್ನು. ಸಾಮಾನು ತಂದು ಕ್ರಮವನ್ನು ಅಲ್ಲೇ ಬಿಟ್ಟುಬಂದರೆ ಅದು ಕಪಾಟಿನ ಅಲಂಕಾರವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅದನ್ನು ತೊಟ್ಟು ಇಳಿದವನ ಜೀವಕ್ಕೇ ಎರವಾಗುತ್ತದೆ.

‘ಸೇನೆಯ ಡೈವರ್’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಆ ಹೆಸರಿನಡಿ ಬೇರೆ ಬೇರೆ ಕಸುಬಿನವರಿದ್ದಾರೆ. ಶತ್ರುವಿನ ಬಂದರಿಗೆ ಸದ್ದಿಲ್ಲದೆ ಈಜಿಹೋಗುವ ಕಮಾಂಡೊ ಒಬ್ಬ. ನಮ್ಮ ನೌಕಾಪಡೆಯಲ್ಲಿ 1987ರಲ್ಲಿ ಹುಟ್ಟಿದ ಮಾರ್ಕೋಸ್ ಇಂಥವರ ಪಡೆ. ಅವನಿಗೆ ಗುಳ್ಳೆ ಏಳಬಾರದು, ಎದ್ದರೆ ಇರುವ ಜಾಗ ಬಯಲಾಗುತ್ತದೆ. ಹಾಗಾಗಿ ಅವನು ರೀಬ್ರೀದರ್ ತೊಡುತ್ತಾನೆ. ಬಿಟ್ಟ ಉಸಿರು ನೀರಿಗೆ ಹೋಗದೆ ಒಂದು ಡಬ್ಬಿಯ ಸೋಡಾ ಲೈಮ್ ಮೂಲಕ ಹಾದು, ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು, ಮತ್ತೆ ಅವನ ಬಾಯಿಗೇ ಬರುತ್ತದೆ. ಸಣ್ಣ ಸಿಲಿಂಡರಿನಲ್ಲಿ ಬಹಳ ಹೊತ್ತು ನೀರಿನಡಿ ಇರಬಹುದು. ಕೇಳಲು ಎಷ್ಟು ಚೆಂದ! ಆದರೆ ಶುದ್ಧ ಆಮ್ಲಜನಕದ ಈ ಉಪಕರಣ ತೊಟ್ಟು ಸುಮಾರು 6 ಮೀಟರಿಗಿಂತ ಕೆಳಗೆ ಹೋದರೆ ಆ ಆಮ್ಲಜನಕವೇ ವಿಷವಾಗಿ, ಮುನ್ಸೂಚನೆಯೇ ಇಲ್ಲದೆ ಫಿಟ್ಸ್ ಬರಬಹುದು. ಡಬ್ಬಿಗೆ ನೀರು ನುಗ್ಗಿದರೆ ಸುಣ್ಣದಂಥ ಕ್ಷಾರ ಗಂಟಲಿಗೆ ಬರುತ್ತದೆ. ನಾಲೆಯಲ್ಲಿ ಮುಳುಗಿದ ಕಾರಿನ ಬಾಗಿಲು ಎಳೆಯುವವನಿಗೆ ಇದರಿಂದ ಏನೂ ಉಪಯೋಗವಿಲ್ಲ, ಅಪಾಯ ಮಾತ್ರ ಬೇಕಾದಷ್ಟಿದೆ. ನೀರಿನಡಿಯ ಮೈನ್ ತೆಗೆಯುವ ಡೈವರ್ ಮತ್ತೊಬ್ಬ. ಮೈನ್‌ಗಳಲ್ಲಿ ಲೋಹದ ಸುಳಿವಿಗೇ ಸಿಡಿಯುವಂಥವು ಇರುವುದರಿಂದ ಅವನ ಮೈಮೇಲಿನ ಬಕಲ್ಲಿನಿಂದ ಸಿಲಿಂಡರಿನವರೆಗೆ ಎಲ್ಲವೂ ಅಯಸ್ಕಾಂತಕ್ಕೆ ಸಿಗದ ಲೋಹದ್ದಾಗಬೇಕು. ಅದಕ್ಕೆ ತೆರುವ ಹೆಚ್ಚುವರಿ ಹಣಕ್ಕೆ ಹೇಮಾವತಿ ನಾಲೆಯಲ್ಲಿ ಅರ್ಥವಿಲ್ಲ. ಸೇತುವೆ ಕಟ್ಟುವ, ಹೊಳೆಯ ತಳ ಅಳೆಯುವ, ಮುಳುಗಿದ ವಾಹನ ಎತ್ತುವ ಎಂಜಿನಿಯರ್ ದಳದ ಡೈವರ್ ಮೂರನೆಯವನು. ನಮ್ಮ ನಾಲೆಗೆ ಹತ್ತಿರದವನು ಇವನೊಬ್ಬನೇ. ಆದರೆ ಜಾಹೀರಾತಿನ ಚಿತ್ರದಲ್ಲಿ ಕಾಣುವುದು ಯಾವಾಗಲೂ ಮೊದಲನೆಯವನು.

ಸಾಮಾನು ಒಳ್ಳೆಯದೇ ಇದ್ದು ನೀರಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು ಶ್ರೀರಂಗಪಟ್ಟಣಕ್ಕೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಿಲ್ಲ. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಭಾರಿ ತೋಪುಗಳನ್ನು ಎಳೆಸಿಕೊಂಡು ಅರಕೆರೆಯವರೆಗೆ ಬಂದ, ಕಾಳಗದಲ್ಲಿ ಗೆದ್ದ. ಆದರೆ ಮಳೆ ಹಿಡಿಯಿತು, ಕಾವೇರಿ ಏರಿತು, ಎತ್ತುಗಳು ಸತ್ತವು, ದವಸ ಮುಗಿಯಿತು. ಕೋಟೆ ಒಡೆಯಲು ತಂದ ತೋಪುಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ಹಿಂತಿರುಗಿದ. 1799ರಲ್ಲಿ ಬಂದವರು ಆ ಪಾಠ ಕಲಿತಿದ್ದರು. ಹೊಳೆ ಬತ್ತಿ ಬಂಡೆ ಕಾಣುವ ಹೊತ್ತು ನೋಡಿ, ಮೇ 4ರ ನಡುಹಗಲಿನಲ್ಲಿ ನಡೆದೇ ದಾಟಿದರು. ಆ ಮುತ್ತಿಗೆಯಲ್ಲಿದ್ದ ಮದ್ರಾಸ್ ಪಯೊನಿಯರ್ಸ್ ಪಡೆಯೇ ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಅದರ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಲ್ಲಿದೆ. ಟಿಪ್ಪುವಿನ ಸೋಲನ್ನು ನಾವು ಯಾವ ಭಾವದಿಂದ ನೋಡಿದರೂ ಸರಿಯೆ, ನೀರಿನ ಮಟ್ಟ ನೋಡಿ ಹೆಜ್ಜೆ ಇಟ್ಟವರು ಯಾರು, ನೋಡದವರು ಯಾರು ಎಂಬುದರಲ್ಲಿ ತಕರಾರಿಲ್ಲ.

ನಮ್ಮ ಕಾಲದ ಉದಾಹರಣೆ ಬೇಕೆಂದರೆ 2018ರ ಜೂನ್-ಜುಲೈನಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ನಡೆದದ್ದನ್ನು ನೋಡಬಹುದು. ನೀರು ತುಂಬಿದ ಗುಹೆಯಲ್ಲಿ ಸಿಕ್ಕಿಕೊಂಡ 12 ಹುಡುಗರನ್ನೂ ಅವರ ಕೋಚನ್ನೂ ಹೊರತರಲು ಮೊದಲು ಇಳಿದವರು ಆ ದೇಶದ ನೌಕಾಪಡೆಯ ಸೀಲ್ ಯೋಧರು. ಧೈರ್ಯಕ್ಕೆ, ದೇಹಬಲಕ್ಕೆ ಕೊರತೆಯಿರಲಿಲ್ಲ. ಆದರೆ ಅವರ ತಾಲೀಮೂ ಸಾಮಾನೂ ತೆರೆದ ಕಡಲಿನದು. ಬೆನ್ನಿಗೆ ಸಿಲಿಂಡರ್ ಹೊತ್ತವನು ಇಕ್ಕಟ್ಟಾದ ಬಂಡೆಯ ಸಂದಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಹುಡುಗರನ್ನು ಮೊದಲು ಕಂಡವರು ಇಬ್ಬರು ಬ್ರಿಟಿಷ್ ಹವ್ಯಾಸಿಗಳು; ಅವರಲ್ಲಿ ರಿಕ್ ಸ್ಟಾಂಟನ್ ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ಜಾನ್ ವೊಲಾಂಥನ್ ಕಂಪ್ಯೂಟರ್ ಕೆಲಸದವರು. ಗುಹೆಗೆಂದೇ ಬಳಕೆಯಲ್ಲಿರುವ ರೀತಿಯಲ್ಲಿ ಸಿಲಿಂಡರುಗಳನ್ನು ಪಕ್ಕೆಗೆ ಕಟ್ಟಿಕೊಂಡು ಹೋದವರು. ನೌಕಾಪಡೆಯ ಮಾಜಿ ಯೋಧ ಸಮನ್ ಕುನಾನ್ ಜುಲೈ 6ರಂದು ಗುಹೆಯೊಳಗೆ ಗಾಳಿಯ ಸಿಲಿಂಡರ್ ಇಟ್ಟು ಹಿಂತಿರುಗುವಾಗ ಪ್ರಾಣಬಿಟ್ಟರು. ಆ ನೀರಿನಲ್ಲಿ ತಗಲಿದ ಸೋಂಕು ರಕ್ತಕ್ಕೇರಿ ಇನ್ನೊಬ್ಬ ಯೋಧ 2019ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂದರೆ ಕೊಳಕು ನೀರು ತುಟಿಗೆ ತಾಗದಂತೆ ಇಡೀ ಮುಖ ಮುಚ್ಚುವ ಮಾಸ್ಕ್ ಕೇಳುವುದು ಶೋಕಿಯಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಸಂಗಮಗಳಲ್ಲಿ ಹೊಳೆಗೆ ಏನೇನು ಸೇರುತ್ತದೆ ಎಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಮ್ಮ ನೀರು ಎಂಥದು? ಪಟ್ಟಿ ಬರೆಯುವ ಮುನ್ನ ಕೇಳಬೇಕಾದ ಪ್ರಶ್ನೆ ಇದು. ಒಂದು ಜಿಲ್ಲೆಯೊಳಗೇ ಇದಕ್ಕೆ ಒಂದು ಉತ್ತರವಿಲ್ಲ. ವಿ.ಸಿ. ನಾಲೆಗೆ ಆಧುನೀಕರಣದಲ್ಲಿ ಕಾಂಕ್ರೀಟ್ ಹೊದಿಸಿದ್ದಾರೆ. ನೀರು ಸರಾಗವಾಗಿ ಓಡಲಿ ಎಂಬ ಉದ್ದೇಶ ಈಡೇರಿದೆ. ಬಿದ್ದವನಿಗೆ ಹಿಡಿಯಲು ಒಂದು ಬೇರೂ ಇಲ್ಲ, ಕಲ್ಲೂ ಇಲ್ಲ. ಬಲಮುರಿ, ಎಡಮುರಿ, ಸಂಗಮಗಳಲ್ಲಿ ಆಳ ಹೆಚ್ಚಿಲ್ಲ. ಬಂಡೆಯ ಸಂದುಗಳಿವೆ, ಸುಳಿಗಳಿವೆ. ಕೆ.ಆರ್. ಪೇಟೆ ಕಡೆ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆ, ಮೀನಿನ ಬಲೆ. ನಾಗಮಂಗಲದಿಂದ ಆದಿಚುಂಚನಗಿರಿಯ ತನಕ ಮಳೆಯಾಸರೆಯ ಒಣ ಸೀಮೆ. ಅಲ್ಲಿ ಜನ ಮುಳುಗುವುದು ಕೆರೆಯಲ್ಲಿ, ಕೃಷಿಹೊಂಡದಲ್ಲಿ, ಕಲ್ಲು ತೆಗೆದು ಬಿಟ್ಟ ಗುಂಡಿಯಲ್ಲಿ. ಕೆರೆಯ ತಳದಲ್ಲಿ ಆಳುದ್ದದ ಹೂಳಿದ್ದರೆ ಕಾಲು ತಾಗಿದ ಮರುಕ್ಷಣ ಬೆಳಕು ನಿಂತುಹೋಗುತ್ತದೆ. ಕ್ವಾರಿಯ ಗುಂಡಿಯಲ್ಲಿ ನೀರು ತಿಳಿಯಾಗಿಯೇ ಕಾಣುತ್ತದೆ, ದಡ ಮಾತ್ರ ಗೋಡೆಯಂತೆ ನೆಟ್ಟಗೆ ಇಳಿದಿರುತ್ತದೆ. ಇನ್ನು ವಿ.ಸಿ. ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆ. ಪೂರ್ಣ ತುಂಬಿದಾಗ 124.80 ಅಡಿ, ಅಂದರೆ 38 ಮೀಟರ್.

ಈ ಎಲ್ಲಕ್ಕೂ ಸಮುದ್ರದ ಸಾಮಾನು ಒಗ್ಗದಿರಲು ಎರಡು ಸಣ್ಣ ಕಾರಣಗಳಿವೆ. ಟೆಂಡರ್ ಬರೆಯುವವರು ಇವನ್ನು ಯೋಚಿಸಿರುವ ಸಾಧ್ಯತೆ ಕಡಿಮೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಸಾಮಾನು ಸಮೇತ 100 ಕೆ.ಜಿ. ತೂಗುವ ಡೈವರ್ ಕಾರವಾರದ ಕಡಲಲ್ಲಿ ಸಮತೂಕಕ್ಕೆ ಕಟ್ಟಿಕೊಳ್ಳುವ ಸೀಸದ ಪಟ್ಟಿಯನ್ನೇ ಇಲ್ಲಿ ಕಟ್ಟಿಕೊಂಡರೆ ಎರಡೂವರೆ ಕೆ.ಜಿ. ಹೆಚ್ಚಿನ ಭಾರದಲ್ಲಿ ಕೆಳಗಿಳಿಯುತ್ತಾನೆ, ಹೂಳಿನೊಳಕ್ಕೆ. ಎರಡನೆಯದು ಎತ್ತರ. ಸಮುದ್ರದಿಂದ ಸುಮಾರು 680 ಮೀಟರ್ ಮೇಲಿದೆ ಈ ಸೀಮೆ. ಇಲ್ಲಿ ಗಾಳಿಯ ಒತ್ತಡ ಕಡಲತೀರದ ಶೇ 92ರಷ್ಟು. ನೀರಿನಡಿ ರಕ್ತದಲ್ಲಿ ಕರಗುವ ಸಾರಜನಕ ಮೇಲೆ ಬರುವಾಗ ಗುಳ್ಳೆಯಾಗದಂತೆ ಎಷ್ಟು ಹೊತ್ತು, ಎಲ್ಲಿ ನಿಂತು ಬರಬೇಕೆಂಬ ಕೋಷ್ಟಕಗಳು ಹೆಚ್ಚಾಗಿ ಸಮುದ್ರಮಟ್ಟಕ್ಕೆ ಬರೆದವು. 300 ಮೀಟರ್ ಎತ್ತರ ದಾಟಿದ ಮೇಲೆ ಅವನ್ನು ತಿದ್ದಿಕೊಳ್ಳಬೇಕು ಎಂಬುದು ಅಮೆರಿಕದ ನೌಕಾಪಡೆಯೂ ಪಾಲಿಸುವ ನಿಯಮ. ಕಟ್ಟೆಯ ಬುಡದಲ್ಲಿ 30 ಮೀಟರ್ ಇಳಿದವನ ಮೈಗೆ ಅದು ಸಮುದ್ರದ 32 ಮೀಟರಿಗೆ ಸಮ. ವ್ಯತ್ಯಾಸ ಸಣ್ಣದೆನ್ನಿಸಬಹುದು, ಆದರೆ ಕೋಷ್ಟಕದಲ್ಲಿ ಅದು ಮುಂದಿನ ಸಾಲಿಗೆ ಜಾರುತ್ತದೆ. ಅದೇ ಸಂಜೆ ಆತ ಜೀಪು ಹತ್ತಿ ಮಡಿಕೇರಿಗೆ ಹೊರಟನೆಂದರೆ ಇನ್ನೂ ನಾನೂರೈವತ್ತು ಮೀಟರ್ ಮೇಲೇರಿದ ಹಾಗಾಯಿತು. ಕೀಲುನೋವು ಸುಂಟಿಕೊಪ್ಪದ ತಿರುವುಗಳಲ್ಲಿ ಶುರುವಾದರೂ ಆಶ್ಚರ್ಯವಿಲ್ಲ. ಕೈಗೆ ಕಟ್ಟುವ ಡೈವ್ ಕಂಪ್ಯೂಟರಿನಲ್ಲಿ ಎತ್ತರಕ್ಕೂ ಸಿಹಿನೀರಿಗೂ ಹೊಂದಿಸುವ ಸೌಲಭ್ಯ ಇರಲೇಬೇಕು ಎಂದು ಒಂದು ಸಾಲು ಬರೆದರೆ ಇದರ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಉಳಿದರ್ಧ ತರಬೇತಿಯ ಪಾಲು.

ಈಗ ಉಸಿರಿನ ಲೆಕ್ಕ. ಮಾರಾಟಗಾರ ತೋರಿಸುವುದು 12 ಲೀಟರಿನ ಸಿಲಿಂಡರ್, 200 ಬಾರ್ ಒತ್ತಡ. ಒಳಗಿರುವುದು 2,400 ಲೀಟರ್ ಗಾಳಿ. ನಿಧಾನವಾಗಿ ಈಜುವವನಿಗೆ ನಿಮಿಷಕ್ಕೆ 20 ಲೀಟರ್ ಸಾಕು, 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾದ್ದರಿಂದ 40. ಆದ್ದರಿಂದ ‘ಒಂದು ಗಂಟೆ’ ಎಂದು ಬ್ರೋಷರ್ ಹೇಳುತ್ತದೆ. ಬ್ರೋಷರ್ ಸುಳ್ಳು ಹೇಳುತ್ತಿಲ್ಲ. ಆದರೆ ಹರಿವಿನ ವಿರುದ್ಧ ಕಾಲೊತ್ತಿ ನಿಂತು, ಕಣ್ಣಿಗೆ ಏನೂ ಕಾಣದ ಕೆಂಪು ನೀರಿನಲ್ಲಿ, ಕಾರಿನ ಚಾಸಿಸ್ಸಿಗೆ ಸರಪಳಿ ಬಿಗಿಯುತ್ತಿರುವವನು ನಿಮಿಷಕ್ಕೆ 35 ಲೀಟರ್ ಎಳೆಯುತ್ತಾನೆ. ಆ ಆಳದಲ್ಲಿ ಅದು 70. ಕಾಲು ಭಾಗ ಗಾಳಿಯನ್ನು ತುರ್ತಿಗೆಂದು ಮುಟ್ಟದೆ ಇಡಬೇಕು. ಉಳಿದ 1,800 ಲೀಟರ್ ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ. ಕಾಗದದ ಒಂದು ಗಂಟೆ ಕೆಲಸದಲ್ಲಿ ಅರ್ಧ ಗಂಟೆಯೂ ಅಲ್ಲ.

ಅದಕ್ಕೇ ನಾಲೆ, ಕೆರೆಗಳ ಕೆಲಸಕ್ಕೆ ದಡದಿಂದ ಕೊಳವೆಯಲ್ಲಿ ಗಾಳಿ ಕೊಡುವ ವ್ಯವಸ್ಥೆಯೇ ಮೇಲು ಎಂದು ನನಗನ್ನಿಸುತ್ತದೆ. ಬೆನ್ನಿನ ಸಿಲಿಂಡರ್ ಸಣ್ಣದು, ಕೊಳವೆ ಕೈಕೊಟ್ಟರೆ ಮೇಲೆ ಬರಲಷ್ಟೇ. ಮುಖ ಪೂರ್ತಿ ಮುಚ್ಚುವ ಮಾಸ್ಕು, ಅದರೊಳಗೆ ಮಾತಾಡಲು ತಂತಿ. ಕೊಳವೆಯ ಜೊತೆ ಹೆಣೆದ ಹಗ್ಗವೇ ಅವನನ್ನು ದಡಕ್ಕೆ ಕಟ್ಟಿರುತ್ತದೆ. ದಾರಿ ತಪ್ಪಿದರೆ ಹಗ್ಗ ಹಿಡಿದು ಬರಬಹುದು, ಪ್ರಜ್ಞೆ ತಪ್ಪಿದರೆ ಮೇಲಿನವರು ಎಳೆದುಕೊಳ್ಳಬಹುದು. ನೋಡಲು ಇದರಲ್ಲಿ ಸಾಹಸವೇನೂ ಕಾಣುವುದಿಲ್ಲ. ದಡದಲ್ಲಿ ನಾಲ್ಕೈದು ಜನ, ಒಂದು ಕಂಪ್ರೆಸರ್, ಸುರುಳಿ ಸುತ್ತಿದ ಕೊಳವೆ. ಟಿವಿಗೆ ಒಳ್ಳೆಯ ದೃಶ್ಯವಲ್ಲ. ಬಸ್ಸಿನ ಸೀಟುಗಳ ಸಂದಿಯಲ್ಲಿ ಕೊಳವೆ ತೊಡರಿಕೊಳ್ಳಬಹುದೆಂಬ ಆಕ್ಷೇಪ ನಿಜ. ಹಾಗೆಂದೇ ಬಸ್ಸಿನೊಳಗೆ ಇಳಿಯುವ ಬದಲು ಬಸ್ಸನ್ನೇ ಕ್ರೇನಿನಿಂದ ಎತ್ತುವುದು ಸರಿ. ರಭಸದ ಹರಿವಿನಲ್ಲಿ ಕೊಳವೆಯೇ ಡೈವರನ್ನು ಎಳೆದುಕೊಂಡು ಹೋಗುತ್ತದೆ ಎಂಬುದೂ ನಿಜ. ಆದರೆ ಅಂಥ ಹರಿವಿನಲ್ಲಿ ಯಾವ ಸಾಮಾನು ತೊಟ್ಟವನೂ ಇಳಿಯಬಾರದು. ನೀರಿನ ವೇಗ ಎರಡರಷ್ಟಾದರೆ ಮೈಮೇಲಿನ ತಳ್ಳು ನಾಲ್ಕರಷ್ಟಾಗುತ್ತದೆ; ಇದಕ್ಕೆ ಮಿಲಿಟರಿ ಮೈಕಟ್ಟಿನ ವಿನಾಯಿತಿ ಇಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಕೇರಳದ ಚಾಲಕನೊಬ್ಬನ ಲಾರಿ ಗಂಗಾವಳಿ ಹೊಳೆ ಸೇರಿದಾಗ ಹತ್ತಿರದ ಕಾರವಾರದಲ್ಲೇ ನೌಕಾನೆಲೆಯಿತ್ತು. ನೌಕಾಪಡೆಯ ಮುಳುಗು ತಜ್ಞರು ಬಂದರು, ಮಲ್ಪೆಯ ಈಶ್ವರ್ ತಂಡ ಬಂತು, ಸೋನಾರ್, ಡ್ರೋನ್ ಎಲ್ಲ ಬಂದವು. ಹೊಳೆ ಇಳಿಯಲಿಲ್ಲ. ಕೊನೆಗೆ ಗೋವಾದಿಂದ ಡ್ರೆಜರ್ ತಂದು ಮಣ್ಣು ತೆಗೆದು, ಸೆಪ್ಟೆಂಬರ್ 25ಕ್ಕೆ ಲಾರಿಯನ್ನೂ ಚಾಲಕನ ದೇಹವನ್ನೂ ಹೊರತೆಗೆಯಲಾಯಿತು.

ಗಂಗಾವಳಿಯ ಮಳೆಗಾಲದ ಹರಿವನ್ನು ನಿಲ್ಲಿಸಲು ಯಾರಿಂದಲೂ ಆಗದು. ವಿ.ಸಿ. ನಾಲೆಯ ನೀರನ್ನು ನಿಲ್ಲಿಸಬಹುದು! ಅದರ ತೂಬಿನ ಕೀಲಿಕೈ ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ. ಈ ನಾಲೆಯ ಮಟ್ಟಿಗೆ ಮುಳುಗು ತಂಡದ ಅತಿ ಮುಖ್ಯ ಸಾಮಾನು ಎಂದರೆ ಕನ್ನಂಬಾಡಿಯ ಗೇಟಿನ ಹೊಣೆ ಹೊತ್ತ ಎಂಜಿನಿಯರಿನ ಫೋನ್ ನಂಬರು, ಮತ್ತು ‘ನಿಲ್ಲಿಸಿ’ ಎಂದರೆ ಮೇಲಿನವರ ಸಹಿಗೆ ಕಾಯದೆ ನಿಲ್ಲಿಸಲು ಆತನಿಗಿರುವ ಲಿಖಿತ ಅಧಿಕಾರ. ಅದರಷ್ಟೇ ಮುಖ್ಯವಾದದ್ದು, ಡೈವರ್ ನೀರಿನಲ್ಲಿರುವಾಗ ಆ ಗೇಟನ್ನು ಯಾರೂ ಮತ್ತೆ ಎತ್ತದಂತೆ ಬೀಗ. 10 ಮೀಟರ್ ಆಳದಲ್ಲಿರುವ ಒಂದಡಿ ಅಗಲ, ಒಂದಡಿ ಎತ್ತರದ ತೂಬಿನ ಬಾಯಿ ತೆರೆದರೆ ಅದರ ಎದುರು ಬಂದವನ ಮೈಮೇಲೆ ಬೀಳುವ ಒತ್ತಡ ಸುಮಾರು 900 ಕೆ.ಜಿ. ಹೆಗಲಿಗೆ ಹಗ್ಗ ಹಾಕಿ ಹತ್ತು ಜನ ಎಳೆದರೂ ಅವನು ಬರುವುದಿಲ್ಲ.

ಕೈಗೆ ಸಿಗುವ ಸಣ್ಣ ಸಾಮಾನುಗಳ ಬಗ್ಗೆ ಒಂದಿಷ್ಟು ನಿಂತು ಹೇಳಬೇಕು, ಟೆಂಡರಿನಲ್ಲಿ ಎಡವುವುದು ಅಲ್ಲಿಯೇ. ಸಿನಿಮಾದ ಡೈವರ್ ಕಾಲಿಗೆ ಉದ್ದನೆಯ ಚೂರಿ ಕಟ್ಟಿರುತ್ತಾನೆ. ಬಲೆಯಲ್ಲಿ ಸಿಕ್ಕಿಕೊಂಡವನಿಗೆ ಕಾಲಿನ ತನಕ ಕೈ ಬಗ್ಗುವುದಿಲ್ಲ. ಎದೆಯ ಪಟ್ಟಿಯ ಮೇಲೆ, ಎಡಗೈಗೂ ಬಲಗೈಗೂ ಎಟುಕುವ ಕಡೆ, ಗಿಡ ಕತ್ತರಿಸುವಂಥ ಒಂದು ಗಟ್ಟಿ ಕತ್ತರಿ ಇದ್ದರೆ ಬಲೆಯ ನೈಲಾನೂ ಹೋಗುತ್ತದೆ, ಸಂಗಮದ ತಳದಲ್ಲಿ ಸುತ್ತಿಕೊಳ್ಳುವ ಸೀರೆಯ ತುಂಡೂ ಹೋಗುತ್ತದೆ. ಸೀಸದ ಪಟ್ಟಿಯ ಬಕಲ್ಲು ಕೈಗವಸು ತೊಟ್ಟ ಒಂದೇ ಕೈಯಲ್ಲಿ ಬಿಚ್ಚಬೇಕು. ಸಿಲಿಂಡರಿನ ವಾಲ್ವ್‌ಗಳಲ್ಲಿ ಯೋಕ್ ಮಾದರಿ, ಡಿನ್ ಮಾದರಿ ಎಂದು ಎರಡಿವೆ. ಒಂದಕ್ಕೆ ಹಿಡಿಕೆಯಿಂದ ಬಿಗಿಯುವ ರೆಗ್ಯುಲೇಟರ್, ಇನ್ನೊಂದಕ್ಕೆ ತಿರುಪಿನದು. ಈ ವರ್ಷ ಒಂದು ಕಂಪನಿಯಿಂದ ಸಿಲಿಂಡರ್, ಮುಂದಿನ ವರ್ಷ ಇನ್ನೊಂದರಿಂದ ರೆಗ್ಯುಲೇಟರ್ ಕೊಂಡು, ದಡದಲ್ಲಿ ನಿಂತಾಗ ಒಂದಕ್ಕೊಂದು ಕೂರದಿದ್ದರೆ ಯಾರನ್ನು ಕೇಳುವುದು? ಸೇನೆ ತಂಡಕ್ಕೆಲ್ಲ ಒಂದೇ ಬಗೆಯ ಸಾಮಾನು ಕೊಡುವುದು ಶಿಸ್ತಿನ ತೋರಿಕೆಗಲ್ಲ. ಕತ್ತಲೆಯಲ್ಲಿ ಜೊತೆಗಾರನ ಉಸಿರಿನ ಕೊಳವೆಗೆ ಕೈ ಹಾಕಿದಾಗ ಅದು ಇರಬೇಕಾದ ಕಡೆ ಇರಲಿ ಎಂದು. ಕಂಪ್ರೆಸರಿನ ವಿಷಯವನ್ನಂತೂ ಬಿಡುವ ಹಾಗಿಲ್ಲ. ಡೀಸೆಲ್ ಎಂಜಿನ್ನಿನ ಹೊಗೆ ಅದರ ಗಾಳಿ ಎಳೆಯುವ ಬಾಯಿಗೆ ಹೋದರೆ ಸಿಲಿಂಡರಿಗೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ. ಆಳಕ್ಕೆ ಹೋದಷ್ಟೂ ಅದರ ವಿಷ ಏರುತ್ತದೆ. ಗಾಳಿ ಪರೀಕ್ಷಿಸುವ ಕಿಟ್ಟು, ಕಾಲಕಾಲಕ್ಕೆ ಬದಲಿಸುವ ಫಿಲ್ಟರ್, ಸಿಲಿಂಡರಿನ ಅವಧಿ ತಪ್ಪದ ಒತ್ತಡ ಪರೀಕ್ಷೆ ಇವೆಲ್ಲ ಬಜೆಟ್ಟಿನ ‘ಇತರೆ’ ಎಂಬ ಸಾಲಿಗೆ ಹೋದರೆ ಮೊದಲ ವರ್ಷದ ಕೊನೆಗೆ ಎಲ್ಲ ನಿಂತುಹೋಗುತ್ತದೆ.

ಹೀಗೆ ಹೇಳುವಾಗ ತಡೆಗೋಡೆಯ ವಾದ ಎದುರು ಬಂದು ನಿಲ್ಲುತ್ತದೆ, ನಿಲ್ಲಲೇಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಹಾಗೆ, ಸತ್ತ ಮೇಲೆ ಹುಡುಕುವ ತಂಡಕ್ಕೆ ಯಾಕಿಷ್ಟು ದುಡ್ಡು? ಈ ವಾದವನ್ನು ನಾನು ಒಪ್ಪುತ್ತೇನೆ, ಮುಕ್ಕಾಲು ಪಾಲು. ನೀರಿನಡಿ ಉಸಿರು ನಿಂತು ನಾಲ್ಕರಿಂದ ಆರು ನಿಮಿಷಕ್ಕೆ ಮಿದುಳು ಕೆಡಲು ಶುರುವಾಗುತ್ತದೆ. ಬೆಂಗಳೂರಿನಿಂದ ಬರಲಿ, ಕಾರವಾರದಿಂದ ಘಟ್ಟ ಹತ್ತಿ ಬರಲಿ, ಮೈಸೂರಿನಿಂದಲೇ ಬರಲಿ, ಆ ಹೊತ್ತಿನೊಳಗೆ ಯಾವ ತಂಡವೂ ಪಾಂಡವಪುರ ಮುಟ್ಟದು. ಕನಗನಮರಡಿಯಲ್ಲಿ ಮೊದಲು ನೀರಿಗೆ ಹಾರಿದವರು ಹತ್ತಿರದ ಹೊಲಗದ್ದೆಗಳಲ್ಲಿದ್ದ ಜನ. ಜೀವ ಉಳಿಸುವ ಕೆಲಸ ಅವರದು. ಅವರಿಗೆ ಬೇಕಾದದ್ದು ತಡೆಗೋಡೆ, ನಾಲೆಯ ಇಳಿಜಾರಿನಲ್ಲಿ ಅಲ್ಲಲ್ಲಿ ಹತ್ತಿಬರಲು ಕಬ್ಬಿಣದ ಮೆಟ್ಟಿಲು, ಏರಿಯ ಮೇಲೆ ಕಂಬಕ್ಕೆ ತೂಗುಹಾಕಿದ ಎಸೆಯುವ ಹಗ್ಗ, ಗಾಜು ಒಡೆಯುವ ಸುತ್ತಿಗೆ. ಮೊದಲ ರೂಪಾಯಿ ಅಲ್ಲಿಗೆ ಹೋಗಲಿ. ಡೈವಿಂಗ್ ಸೂಟಿಗೆ ಹಣವಿದ್ದು ತಡೆಗೋಡೆಗೆ ಇಲ್ಲ ಎನ್ನುವ ಸರ್ಕಾರವನ್ನು ಯಾರೂ ಸಮರ್ಥಿಸಲಾರರು.

ಉಳಿದ ಕಾಲು ಪಾಲು ಮುಳುಗು ತಂಡಕ್ಕೆ ಸೇರಬೇಕಾದದ್ದು. ತಡೆಗೋಡೆ ಕಟ್ಟಿದ ಮೇಲೂ ಜನ ಹೊಳೆಗೆ ಇಳಿಯುತ್ತಾರೆ, ಕೆರೆಗೆ ಬೀಳುತ್ತಾರೆ, ಕೆಲವರು ಬೇಕೆಂದೇ ಹಾರುತ್ತಾರೆ. ಶವ ಸಿಗದೆ ಮನೆಯವರಿಗೆ ಸೂತಕವೂ ಕಳೆಯುವುದಿಲ್ಲ, ಮರಣಪತ್ರವೂ ಸಿಗುವುದಿಲ್ಲ, ಪರಿಹಾರವೂ ಬರುವುದಿಲ್ಲ. ಯಾರಾದರೂ ಇಳಿಯಲೇಬೇಕು. ಇವತ್ತು ಇಳಿಯುತ್ತಿರುವವರು ಪೊಲೀಸರು ಫೋನ್ ಮಾಡಿ ಕರೆಸುವ ಊರಿನ ಈಜುಗಾರರು, ಹರಿಗೋಲಿನವರು. ಒಂದು ಚಡ್ಡಿ, ಒಂದು ಹಗ್ಗ, ಕಟ್ಟಿಹಿಡಿದ ಉಸಿರು. ಆದ್ದರಿಂದ ನಮ್ಮ ತಂಡದ ಸಾಮಾನಿಗೆ ಒಂದೇ ಅಳತೆಗೋಲು ಸಾಕು: ಹೆಣ ತೆಗೆಯಲು ಹೋದವನು ಹೆಣವಾಗಿ ಬರಬಾರದು. ವೇಗ, ಆಳ, ಸಾಹಸ ಎಲ್ಲವೂ ಅದರ ನಂತರ. ಈ ಅಳತೆಯಲ್ಲಿ ನೋಡಿದರೆ ಮೊದಲು ಕೊಳ್ಳಬೇಕಾದದ್ದು ಇಳಿಯುವ ಅಗತ್ಯವನ್ನೇ ಕಡಿಮೆ ಮಾಡುವ ಸಾಮಾನು. ದೋಣಿಯಿಂದ ಎಳೆಯುವ ಒಂದು ಸೋನಾರ್ ಕೆಂಪು ನೀರಿನಲ್ಲೂ ಕಾರಿನ ಆಕಾರ ತೋರಿಸುತ್ತದೆ. ಕಾಂಕ್ರೀಟ್ ತಳದ ನಾಲೆಯಲ್ಲಿ ಅದರ ಕೆಲಸ ಇನ್ನೂ ಸಲೀಸು. ಎಲ್ಲಿದೆ ಎಂದು ಗೊತ್ತಾದ ಮೇಲೆ ಡೈವರ್ ಒಮ್ಮೆ ಇಳಿದರೆ ಸಾಕು, ಹತ್ತು ಸಲ ತಡಕಾಡಬೇಕಿಲ್ಲ.

ಕೊಳ್ಳುವ ವಿಧಾನದ ಬಗ್ಗೆ ಹೇಳುವಾಗ ಅಧಿಕಾರಿಗಳು ‘ಎಲ್-1’ ಎಂದು ಕೈಚೆಲ್ಲುವುದನ್ನು ಎಲ್ಲರೂ ಕೇಳಿದ್ದೇವೆ. ಕಡಿಮೆ ದರದವನಿಗೇ ಕೊಡಬೇಕು, ನಾವೇನು ಮಾಡೋಣ ಸ್ವಾಮಿ ಎಂದು. ಇದು ಅರ್ಧ ಸತ್ಯ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಕಡಿಮೆ ದರವನ್ನು ನೋಡುವುದು ಷರತ್ತುಗಳಿಗೆ ಹೊಂದಿದವರ ನಡುವೆ. ಷರತ್ತು ಬರೆಯುವುದು ಇಲಾಖೆಯೇ. ‘ಉತ್ತಮ ಗುಣಮಟ್ಟದ ಡೈವಿಂಗ್ ಕಿಟ್, 10 ಸಂಖ್ಯೆ’ ಎಂದು ಬರೆದರೆ ಬರುವುದು ಪ್ರವಾಸಿಗರು ಹವಳ ನೋಡಲು ಬಳಸುವ ಕಿಟ್. 680 ಮೀಟರ್ ಎತ್ತರ, ಸಿಹಿನೀರು, ಶೂನ್ಯ ಬೆಳಕು, ಹರಿವು ಇಷ್ಟು, ತಳ ಹೀಗೆ, ಐದು ವರ್ಷದ ಬಿಡಿಭಾಗ ಮತ್ತು ರಿಪೇರಿ, ಇಲ್ಲಿಗೇ ಬಂದು ತೋರಿಸಬೇಕಾದ ಪರೀಕ್ಷೆ ಎಂದು ಬರೆದರೆ ಬೇರೆಯವರೇ ಬರುತ್ತಾರೆ. ಸೇನೆ ಮಾಡುವುದು ಇದನ್ನೇ. ಬಳಸುವ ದಳ ತನ್ನ ಅಗತ್ಯವನ್ನು ಮೊದಲು ಬರೆಯುತ್ತದೆ. ಮಾದರಿ ತರಿಸಿ, ಬಳಸುವ ನೆಲದಲ್ಲೇ ಯೋಧನ ಕೈಯಲ್ಲಿ ಪರೀಕ್ಷಿಸಿ, ತೇರ್ಗಡೆಯಾದವುಗಳ ದರವನ್ನು ಮಾತ್ರ ಆಮೇಲೆ ತೆರೆಯುತ್ತದೆ. ಇದರಿಂದ ವರ್ಷಗಟ್ಟಲೆ ತಡವಾಗುತ್ತದೆ ಎಂಬ ದೂರು ಸೇನೆಯೊಳಗೇ ಇದೆ, ಅದು ಸುಳ್ಳೂ ಅಲ್ಲ. ಒಂದು ಜಿಲ್ಲೆಯ ಎಂಟು ಹತ್ತು ಡೈವರುಗಳ ಸಾಮಾನಿಗೆ ಅಷ್ಟು ಹೊತ್ತು ಬೇಕಾಗಿಲ್ಲ.

ಪರೀಕ್ಷೆ ನಡೆಸಲು ಜಾಗವೂ ಜನರೂ ಇಲ್ಲೇ ಇದ್ದಾರೆ. ವಿ.ಸಿ. ನಾಲೆಗೆ ನೀರು ಬಿಡುವುದು ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ. ನೀರು ಇಳಿದ ದಿನಗಳಲ್ಲಿ ತಾಲೀಮು ಮಾಡಬಹುದು, ಏರುವ ದಿನಗಳಲ್ಲಿ ಎಲ್ಲಿಯವರೆಗೆ ಇಳಿಯಬಹುದೆಂದು ಅಳೆದು ನೋಡಬಹುದು. ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಅನುಭವಿಗಳನ್ನು ಪರೀಕ್ಷಕರಾಗಿ ಕಳಿಸಿಕೊಡಿ ಎಂದು ಜಿಲ್ಲಾಡಳಿತ ಒಂದು ಪತ್ರ ಬರೆಯಬಹುದು. ಡೈವರುಗಳ ಕಿವಿ, ಶ್ವಾಸಕೋಶ, ಹೃದಯ ವರ್ಷಕ್ಕೊಮ್ಮೆ ತಪಾಸಣೆಯಾಗಬೇಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ವೈದ್ಯಕೀಯ ಕಾಲೇಜೇ ಇದೆ. ಸಾರಜನಕದ ಗುಳ್ಳೆಗೆ ಸಿಕ್ಕಿದವನನ್ನು ಮೊದಲ ಗಂಟೆಯಲ್ಲಿ ಹೇಗೆ ನೋಡಿಕೊಳ್ಳಬೇಕು, ಒತ್ತಡದ ಕೋಣೆಯಿರುವ ಆಸ್ಪತ್ರೆಗೆ ಹೇಗೆ ಸಾಗಿಸಬೇಕು ಎಂಬ ಪಾಠವನ್ನು ಅಲ್ಲಿನ ತುರ್ತು ವಿಭಾಗಕ್ಕೆ ಸೇರಿಸುವುದು ಕಷ್ಟದ ಕೆಲಸವಲ್ಲ. ಊರಿನ ಈಜುಗಾರರನ್ನು ದಿನಗೂಲಿಯ ಲೆಕ್ಕದಲ್ಲಾದರೂ ತಂಡಕ್ಕೆ ಸೇರಿಸಿ, ವಿಮೆ ಮಾಡಿಸಿ, ಸಾಮಾನು ಆರಿಸುವ ಸಮಿತಿಯಲ್ಲಿ ಅವರಲ್ಲೊಬ್ಬರನ್ನು ಕೂರಿಸಬೇಕು. ಬಲಮುರಿಯ ಯಾವ ಬಂಡೆಯ ಕೆಳಗೆ ನೀರು ಒಳಕ್ಕೆ ಎಳೆಯುತ್ತದೆ ಎಂಬುದು ಯಾವ ಕಂಪನಿಯ ಕೈಪಿಡಿಯಲ್ಲೂ ಬರೆದಿರುವುದಿಲ್ಲ.

ಜಿಲ್ಲಾಡಳಿತಕ್ಕೂ ಅಗ್ನಿಶಾಮಕ ಇಲಾಖೆಗೂ ನನ್ನದೊಂದೇ ಕೋರಿಕೆ. ಮುಂದಿನ ಸಲ ಮುಳುಗು ಸಾಮಾನಿಗೆ ಟೆಂಡರ್ ಕರೆದಾಗ ತಾಂತ್ರಿಕ ಪರಿಶೀಲನೆಯನ್ನು ಕಚೇರಿಯ ಮೇಜಿನ ಮೇಲೆ ಮುಗಿಸಬೇಡಿ. ಮಾರುವವರನ್ನು ಸಾಮಾನು ಸಮೇತ ಪಾಂಡವಪುರದ ನಾಲೆ ಏರಿಗೆ ಕರೆಸಿ, ಮಾರನೆಯ ದಿನ ನಾಗಮಂಗಲದ ಯಾವುದಾದರೊಂದು ಹೂಳು ತುಂಬಿದ ಕೆರೆಗೆ. ತೊಡುವವರು ತೊಟ್ಟು ಇಳಿಯಲಿ, ಕಣ್ಣು ಮುಚ್ಚಿ ಬಕಲ್ಲು ಬಿಚ್ಚಲಿ, ಜೊತೆಗಾರನ ಕೊಳವೆಯಿಂದ ಉಸಿರಾಡಿ ಮೇಲೆ ಬರಲಿ. ಅಲ್ಲಿ ಕೆಲಸ ಮಾಡದ ಸಾಮಾನಿನ ಮೇಲೆ ಯಾವ ಸೇನೆಯ ಹೆಸರು ಅಚ್ಚಾಗಿದ್ದರೂ ಅದರ ಬಿಲ್ಲಿಗೆ ಸಹಿ ಹಾಕಬೇಡಿ.